ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು: ಗೆಳೆಯರ ಬಳಗದಿಂದ ಮತ ಹಾಕಿಸುವ ಬಗೆ

ಕೊಡಗಿನಲ್ಲಿ ಮತ ಹಾಕದೆ ಮತಗಟ್ಟೆಯಿಂದ ಮುಖ ಸಪ್ಪಗೆ ಮಾಡಿಕೊಂಡು ಹಿಂತಿರುಗುವವರ ಕೈಯಲ್ಲಿ ಸಾಮಾನ್ಯವಾಗಿ ಗುರುತಿನ ಚೀಟಿ ಇದ್ದೇ ಇರುತ್ತದೆ. ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ. ಮತದಾನದ ಹಿಂದಿನ ರಾತ್ರಿ ‘ತಪ್ಪದೆ ಮತ ಹಾಕಿ’ ಎಂದು ಸ್ಟೇಟಸ್ ಹಾಕುವ ಬಳಗಕ್ಕಿಂತ ಮೂರು ತಿಂಗಳ ಮೊದಲೇ ನೋಟ್‌ಬುಕ್ ಹಿಡಿದು ಕೂರುವ ಬಳಗ ಹೆಚ್ಚು ಮತ ಹಾಕಿಸುತ್ತದೆ. ಐದು ಜನ ಗೆಳೆಯರಿದ್ದರೆ ತಲಾ ಹತ್ತು ಜನರ ಹೊಣೆ ಹಂಚಿಕೊಳ್ಳಿ. ಪ್ರತಿ ಹೆಸರಿನ ಮುಂದೆ ನಾಲ್ಕು ಕಲಂ ಬರೆಯಿರಿ: ಕಾರ್ಡ್ ನಂಬರು, ಪಟ್ಟಿಯ ಭಾಗ ಸಂಖ್ಯೆ, ಅದರಲ್ಲಿನ ಕ್ರಮ ಸಂಖ್ಯೆ, ಮತಗಟ್ಟೆ.

ಹೆಸರು ಹುಡುಕುವುದು

ಚುನಾವಣಾ ಆಯೋಗದ ವೋಟರ್ಸ್ ಜಾಲತಾಣ ಅಥವಾ ಆಯೋಗದ ಆ್ಯಪ್‌ನಲ್ಲಿ ಕಾರ್ಡ್ ನಂಬರ್ ಹಾಕಿ ಹುಡುಕುವುದೇ ಸುಲಭ. ಮೂರು ಅಕ್ಷರ, ಏಳು ಅಂಕಿ. ಇಂಟರ್ನೆಟ್ ಸಿಗದ ಊರಿನವರು ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು, ಇಲ್ಲವೇ ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿಯಾದ ಬಿಎಲ್‌ಒ ಬಳಿ ಇರುವ ಪಟ್ಟಿಯನ್ನೇ ನೋಡಬಹುದು.

ಹೆಸರು ಟೈಪ್ ಮಾಡಿ ಹುಡುಕಿದರೆ ಕೊಡಗಿನಲ್ಲಿ ಎಡವುವುದು ಇಲ್ಲೇ. ಮನೆತನದ ಹೆಸರು ಒಂದು ದಾಖಲೆಯಲ್ಲಿ ಮೊದಲು ಬಂದಿರುತ್ತದೆ, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬರೀ ಇನಿಷಿಯಲ್ ಆಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಮನೆತನದ ಹೆಸರೂ ಬದಲಾಗಿರುತ್ತದೆ. ಆದ್ದರಿಂದ ಸ್ವಂತ ಹೆಸರನ್ನಷ್ಟೇ ಹಾಕಿ, ತಂದೆಯ ಅಥವಾ ಗಂಡನ ಹೆಸರು ಜೊತೆಗಿಟ್ಟು ಹುಡುಕಿ. ವಿಧಾನಸಭಾ ಕ್ಷೇತ್ರದ ಸಂಖ್ಯೆಯೂ ಸರಿಯಿರಬೇಕು: ಮಡಿಕೇರಿ 208, ವಿರಾಜಪೇಟೆ 209. ಮಡಿಕೇರಿ ತಾಲ್ಲೂಕಿನವರೆಲ್ಲ ಮಡಿಕೇರಿ ಕ್ಷೇತ್ರದವರೇ ಎಂದುಕೊಳ್ಳಬೇಡಿ. ಆ ತಾಲ್ಲೂಕು ಎರಡೂ ಕ್ಷೇತ್ರಗಳಿಗೆ ಹಂಚಿಹೋಗಿದೆ. (1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಇಲ್ಲಿನ ವಿಧಾನಸಭೆಗೆ 24 ಸದಸ್ಯರಿದ್ದರು. 2008ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಗಿ ಈಗ ಎರಡೇ.)

ಯಾವ ಅರ್ಜಿ?

ಹೊಸಬರಿಗೆ ನಮೂನೆ 6. ವಿಳಾಸ ಬದಲು, ಹೆಸರಿನ ತಿದ್ದುಪಡಿ, ಕಳೆದ ಕಾರ್ಡ್, ಈ ಮೂರಕ್ಕೂ ನಮೂನೆ 8. ಊರಿನ ಪಟ್ಟಿಯಲ್ಲಿ ಹೆಸರಿಟ್ಟುಕೊಂಡೇ ಬೆಂಗಳೂರಿನಲ್ಲಿ ನಮೂನೆ 6 ತುಂಬುವವರು ಬಹಳ. ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಅದರಲ್ಲಿ ಸಹಿ ಹಾಕುತ್ತೀರಿ. ಅದು ಸುಳ್ಳಾದರೆ ಒಂದು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ. ನಿಜವಾಗಿ ವಾಸವಿರುವ ಊರು ಯಾವುದೋ ಅಲ್ಲಿಗೆ ನಮೂನೆ 8ರಲ್ಲಿ ಹೆಸರು ವರ್ಗಾಯಿಸಿಕೊಳ್ಳಿ.

ಹದಿನೆಂಟು ತುಂಬಿದವರು ಈಗ ಜನವರಿಗೇ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕೂ ಅರ್ಹತಾ ದಿನಾಂಕಗಳೇ. ಆಕ್ಷೇಪಣೆಗೆಂದು ಏಳು ದಿನ ಬಿಟ್ಟ ಮೇಲೆಯೇ ಅರ್ಜಿ ತೀರ್ಮಾನವಾಗುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಎಚ್ಚೆತ್ತರೂ, ನಾಮಪತ್ರದ ಕೊನೆಯ ದಿನಕ್ಕೆ ಕನಿಷ್ಠ ಹತ್ತು ದಿನ ಮೊದಲು ಅರ್ಜಿ ಸೇರಿರಬೇಕು.

ತೋಟ, ಹಾಡಿ, ಸೇನೆ

ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಯಲ್ಲಿರುವವರಿಗೆ ಡೋರ್ ನಂಬರೂ ಇಲ್ಲ, ಕರೆಂಟ್ ಬಿಲ್ಲೂ ಇಲ್ಲ ಎಂದು ಯಾರೂ ಅರ್ಜಿಯನ್ನೇ ಕೊಡದೆ ಬಿಡಬಾರದು. ವಿಳಾಸದ ದಾಖಲೆ ಇಲ್ಲದಿದ್ದರೆ ಬಿಎಲ್‌ಒ ಸ್ಥಳಕ್ಕೆ ಬಂದು ಪರಿಶೀಲಿಸಬೇಕು. ಬುಡಕಟ್ಟು ಜನರ ಹಾಡಿಗಳಲ್ಲೂ ಹೀಗೆಯೇ. ಗೆಳೆಯರು ಮಾಡಬೇಕಾದ ಕೆಲಸವೆಂದರೆ ಬಿಎಲ್‌ಒ ಬರುವ ದಿನ ಕೇಳಿಕೊಂಡು, ಕೂಲಿಗೆ ಹೋಗುವವರು ಅಂದು ಬೆಳಿಗ್ಗೆ ಮನೆಯಲ್ಲಿರುವಂತೆ ನೋಡಿಕೊಳ್ಳುವುದು.

ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಹೇಳುವುದು ಇದನ್ನೇ. ಕೊಡದ ಮಾಲೀಕರಿಗೆ ದಂಡ 500 ರೂಪಾಯಿವರೆಗೆ ಮಾತ್ರ. ಇಂದಿನ ಲೆಕ್ಕದಲ್ಲಿ ಅದು ದಂಡವೇ ಅಲ್ಲ. ಹಾಗಾಗಿ ತೋಟದ ರೈಟರಿಗೆ (ಕೂಲಿಯ ಲೆಕ್ಕ ಬರೆಯುವವರಿಗೆ) ವಾರ ಮೊದಲೇ ಹೇಳಿಟ್ಟರೆ ಕೆಲಸ ಸಲೀಸು.

ಸೇನೆಯಲ್ಲಿರುವವರ ವಿಷಯದಲ್ಲಿ ಬಹಳ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಸೇವಾ ಮತದಾರ ಎಂದು ನೋಂದಾಯಿಸಿಕೊಂಡವರು ರಜೆಯಲ್ಲಿ ಊರಿಗೆ ಬಂದಿದ್ದರೂ ಮತಗಟ್ಟೆಗೆ ಹೋಗಿ ಯಂತ್ರದಲ್ಲಿ ಮತ ಹಾಕುವಂತಿಲ್ಲ. ಅವರ ಮತಪತ್ರ ಸೇನಾ ಘಟಕದ ಮೂಲಕ ಹೋಗಿ, ಅಂಚೆಯಲ್ಲಿ ಎಣಿಕೆ ಶುರುವಾಗುವ ಹೊತ್ತಿಗೆ ತಲುಪಿರಬೇಕು.

ಮನೆಯಲ್ಲಿ 85 ದಾಟಿದವರು, ಅಥವಾ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿದ್ದರೆ ನಮೂನೆ 12ಡಿ ಕೊಟ್ಟು ಮನೆಯಿಂದಲೇ ಮತ ಹಾಕಬಹುದು. ಚುನಾವಣೆಯ ಅಧಿಸೂಚನೆಯಾದ ಐದು ದಿನದೊಳಗೆ ಅದು ಸೇರಬೇಕು. ಒಮ್ಮೆ ಇದಕ್ಕೆ ಒಪ್ಪಿದ ಮೇಲೆ ಮತಗಟ್ಟೆಗೆ ಹೋಗುವಂತಿಲ್ಲ. ಸಿಬ್ಬಂದಿ ಬರುವ ದಿನ ಅಜ್ಜಿಯನ್ನು ಮಗಳ ಮನೆಗೆ ಕಳುಹಿಸಬೇಡಿ.

ಆ ದಿನ

ಬೆಂಗಳೂರಿನಿಂದ ಕೊಡಗಿನ ಊರು ಸುಮಾರು 250 ಕಿಲೋಮೀಟರ್ ಆಚೆ, ರೈಲೂ ಇಲ್ಲ. ದಿನಾಂಕ ಪ್ರಕಟವಾದ ಕೂಡಲೇ ಬಸ್ ಟಿಕೆಟ್ ಮಾಡಿಸಿ. ಕಳೆದ ಎರಡು ದೊಡ್ಡ ಚುನಾವಣೆಗಳು 2023ರ ಮೇ 10 ಮತ್ತು 2024ರ ಏಪ್ರಿಲ್ 26ರಂದು ನಡೆದವು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಆನೆ ಓಡಾಡುವ ತೋಟದ ದಾರಿಯವರು ನಸುಕಿನಲ್ಲೂ ಮುಸ್ಸಂಜೆಯಲ್ಲೂ ಹೊರಡುವುದು ಬೇಡ. ಒಂಬತ್ತರಿಂದ ಹನ್ನೊಂದರೊಳಗೆ ಗುಂಪಾಗಿ ನಡೆದು ಹೋಗಿ.

ಜೀಪಿನ ಬಗ್ಗೆ ಒಂದು ಮಾತು. ಅಭ್ಯರ್ಥಿ ಅಥವಾ ಅವರ ಏಜೆಂಟರು ಮತದಾರರನ್ನು ಪುಕ್ಕಟೆ ಸಾಗಿಸಲು ವಾಹನ ಗೊತ್ತುಮಾಡುವುದು ಭ್ರಷ್ಟ ಆಚರಣೆ. ಹತ್ತುವ ಮೊದಲು ಡೀಸೆಲ್ ಯಾರದ್ದು ಎಂದು ಕೇಳಿ.

ಬಿಎಲ್‌ಒ ಕೊಡುವ ಮತದಾರರ ಚೀಟಿ ಗುರುತಿನ ದಾಖಲೆಯಲ್ಲ. ಕಾರ್ಡ್ ಸಿಗದಿದ್ದರೆ ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಇವುಗಳಲ್ಲಿ ಒಂದು ಸಾಕು. ಮೊಬೈಲ್ ಮನೆಯಲ್ಲೇ ಇರಲಿ. ಮದುವೆ ಮಂಟಪದಿಂದ ಕೊಡವ ಉಡುಪಾದ ಕುಪ್ಯ ಚೇಲೆಯಲ್ಲೇ ಬರುವ ವರ ಸೊಂಟದ ಪೀಚೆಕತ್ತಿಯನ್ನು ಯಾರ ಕೈಗಾದರೂ ಕೊಟ್ಟು ಬರುವುದು ವಾಸಿ. ಮತಗಟ್ಟೆಯ ಆಸುಪಾಸಿನಲ್ಲಿ ಆಯುಧ ಹಿಡಿದು ಓಡಾಡುವುದು ಅಪರಾಧ.

ಒಳಗೆ ಹೆಸರು ಓದಿದ ಮೇಲೆ ಎಡಗೈ ತೋರುಬೆರಳಿಗೆ ಶಾಯಿ (ಅದು ಪಕ್ಕದ ಮೈಸೂರಿನ ಬಣ್ಣದ ಕಾರ್ಖಾನೆಯದೇ), ರಿಜಿಸ್ಟರಿನಲ್ಲಿ ಸಹಿ, ಚೀಟಿ. ನೀಲಿ ಗುಂಡಿ ಒತ್ತಿದಾಗ ಕೆಂಪು ದೀಪ ಹತ್ತುತ್ತದೆ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಬೀಪ್ ಕೇಳುತ್ತದೆ. ಬೀಪ್ ಕೇಳದಿದ್ದರೆ ಹೊರಗೆ ಬರಬೇಡಿ, ಅಲ್ಲಿಂದಲೇ ಅಧಿಕಾರಿಯನ್ನು ಕರೆಯಿರಿ.

‘ನಿಮ್ಮ ಮತ ಆಗಲೇ ಹಾಕಿಯಾಗಿದೆ’ ಎಂದರೆ ಜಗಳವಾಡಿ ಹೊರಡಬೇಡಿ. ಗುರುತು ಸಾಬೀತುಪಡಿಸಿ ‘ಟೆಂಡರ್ಡ್ ಮತ’ ಕೇಳಿ. ಕಾಗದದ ಮತಪತ್ರ ಕೊಟ್ಟು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಸಾಮಾನ್ಯ ಎಣಿಕೆಗೆ ಅದು ಬರುವುದಿಲ್ಲವಾದರೂ ತಕರಾರು ನ್ಯಾಯಾಲಯಕ್ಕೆ ಹೋದರೆ ದಾಖಲೆಯಾಗಿ ಉಳಿದಿರುತ್ತದೆ. ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಡುತ್ತಾರೆ, ಎಷ್ಟು ಹೊತ್ತಾದರೂ ಅವರು ಮತ ಹಾಕಬಹುದು.

ಮರುದಿನ ನೋಟ್‌ಬುಕ್ ಮತ್ತೆ ತೆರೆಯಿರಿ. ಹೆಸರಿಲ್ಲದೆ ಹಿಂತಿರುಗಿದವರಿಗೆ ಅದೇ ವಾರ ನಮೂನೆ 6 ತುಂಬಿಸಿ. ಗ್ರಾಮ ಪಂಚಾಯಿತಿಯ ಪಟ್ಟಿ ತಯಾರಾಗುವುದೂ ಇದೇ ವಿಧಾನಸಭಾ ಪಟ್ಟಿಯಿಂದ.