ಹೆಚ್ಚು ಕರೆಂಟ್ ಬೇಡುವ ಸ್ಪೀಕರಿಗೆ ಆಂಪ್ಲಿಫೈಯರ್ ಕೊಳ್ಳುವ ಮುನ್ನ

ಆಂಪ್ಲಿಫೈಯರ್ ತರಲು ಮಂಗಳೂರಿಗೋ ಕೊಚ್ಚಿಗೋ ಹೊರಟಿರುವ ಕಾಸರಗೋಡಿನ ಗೆಳೆಯರು ದಯವಿಟ್ಟು ಇದನ್ನೊಮ್ಮೆ ಓದಿ. ಡಬ್ಬದ ಮೇಲಿನ ವ್ಯಾಟ್ ಮಾತ್ರ ನೋಡಿ ದುಡ್ಡು ಕೊಡಬೇಡಿ. ಮೊದಲು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ಪವರಿಗೆ ಅದು ಎಷ್ಟು ಸದ್ದು ಕೊಡುತ್ತದೆ ಎಂಬುದನ್ನು ನೋಡಿ. 90 ಡೆಸಿಬೆಲ್‌ನದ್ದು ಕೊಡುವಷ್ಟೇ ಸದ್ದನ್ನು 84ರದ್ದು ಕೊಡಬೇಕಾದರೆ ಸುಮಾರು ನಾಲ್ಕು ಪಟ್ಟು ಪವರ್ ಬೇಕು.

ಅದಕ್ಕಿಂತ ಮುಖ್ಯ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಹಿಂಬದಿಯಲ್ಲಿ 8 ಓಮ್ ಎಂದು ಬರೆದಿದ್ದರೂ ಬಾಸ್ ಭಾಗದಲ್ಲಿ ಅದು 4ಕ್ಕೋ, ಕೆಲವು ದುಬಾರಿ ಸ್ಪೀಕರುಗಳಲ್ಲಿ 3ಕ್ಕೋ ಇಳಿಯುವುದುಂಟು. ಆಗ ಆಂಪ್ಲಿಫೈಯರ್ ಧಾರಾಳವಾಗಿ ಕರೆಂಟ್ ಕೊಡಬೇಕು. 8 ಓಮ್‌ಗೆ 100 ವ್ಯಾಟ್ ಕೊಡುವುದು 4 ಓಮ್‌ಗೆ 200ರ ಹತ್ತಿರ ಕೊಟ್ಟರೆ ಪವರ್ ಸಪ್ಲೈ ಗಟ್ಟಿಯಿದೆ ಎಂದೇ ಅರ್ಥ. 120ಕ್ಕೇ ನಿಂತರೆ ಇಂಥ ಸ್ಪೀಕರಿಗೆ ನಾನಂತೂ ಅದನ್ನು ಕೊಳ್ಳಿ ಎಂದು ಹೇಳುವುದಿಲ್ಲ. ಎಡ-ಬಲ ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗಿನ ವ್ಯಾಟ್ ಲೆಕ್ಕವನ್ನೇ ಕೇಳಿ.

ಅಂಗಡಿಗೆ ಹೋಗುವಾಗ ಒಳ್ಳೆಯ ಯಕ್ಷಗಾನ ಧ್ವನಿಮುದ್ರಣ ಒಯ್ಯಿರಿ, ಸಾಧ್ಯವಾದರೆ ನಿಮ್ಮ ಸ್ಪೀಕರನ್ನೂ. ಭಾಗವತರ ಪದವನ್ನು ಸಾಧಾರಣ ಆಂಪ್ಲಿಫೈಯರೂ ಚಂದವಾಗಿಯೇ ಕೇಳಿಸುತ್ತದೆ. ಚೆಂಡೆ ಏರುವಾಗ ಕಿವಿಗೊಡಿ. ಪೆಟ್ಟು ಮೊಂಡಾಗಿ, ಚಕ್ರತಾಳ ಕರ್ಕಶವಾಗಿ ಕೇಳಿದರೆ ಆಂಪ್ಲಿಫೈಯರ್ ಕ್ಲಿಪ್ ಆಗುತ್ತಿರಬಹುದು, ಅಂದರೆ ತನ್ನ ಮಿತಿ ಮುಟ್ಟಿ ಸದ್ದಿನ ಅಲೆಯ ತುದಿ ಕತ್ತರಿಸುತ್ತಿರಬಹುದು. ಟ್ವೀಟರ್ (ಸ್ಪೀಕರಿನಲ್ಲಿ ಏರುಸ್ವರ ನುಡಿಸುವ ಚಿಕ್ಕ ಭಾಗ) ಸುಡುವುದು ಹೆಚ್ಚಾಗಿ ಹೀಗೆಯೇ: ಸಣ್ಣ ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದಾಗ.

ನಮ್ಮ ಸೆಕೆಗೆ ಮುಚ್ಚಿದ ಕಪಾಟು ಬೇಡ, ಮೇಲೆ ಒಂದು ಗೇಣು ಜಾಗ ಬಿಡಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.