ಪ್ಯಾರಿಸ್‌ನಲ್ಲಿ ಪೇಟೆ ಸುತ್ತಾಟ: ಬಟ್ಟೆ ಬೀದಿಯಿಂದ ತಾಮ್ರದ ಪಾತ್ರೆಯ ತನಕ ಒಂದೇ ಇಳಿಜಾರು

ಪ್ಯಾರಿಸ್‌ಗೆ ಹೋದವರು ಶಾಪಿಂಗ್ ಅಂದ ತಕ್ಷಣ ಶಾಂಜೆಲಿಜೆ ರಸ್ತೆಗೆ ಹೋಗುತ್ತಾರೆ. ಅಲ್ಲಿರುವ ಬ್ರ್ಯಾಂಡುಗಳಲ್ಲಿ ಅರ್ಧಕ್ಕರ್ಧ ಬೆಂಗಳೂರಿನ ಮಾಲ್‌ಗಳಲ್ಲೂ ಸಿಗುತ್ತವೆ, ಸೈಜ್ ಬದಲಾಯಿಸುವುದೂ ಇಲ್ಲೇ ಸುಲಭ. ಆ ಊರಿನಲ್ಲಿ ನಿಜಕ್ಕೂ ಕೊಳ್ಳಬೇಕಾದ್ದು ಕಸುಬಿಗೊಂದರಂತೆ ಇರುವ ಹಳೆಯ ಬೀದಿಗಳಲ್ಲಿದೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ ಸುತ್ತಿ ಅಭ್ಯಾಸ ಇದ್ದವರಿಗೆ ಈ ಏರ್ಪಾಟು ಬೇಗ ಹಿಡಿಯುತ್ತದೆ. ನಾನು ಇಂಥ ನಾಲ್ಕು ಜಾಗಗಳನ್ನು ಒಂದೇ ದಿನದ ನಡಿಗೆಗೆ ಪೋಣಿಸಿಕೊಂಡಿದ್ದೇನೆ: ಮೊಂಮಾರ್ತ್ ಗುಡ್ಡದ ಬುಡದ ಬಟ್ಟೆ ಅಂಗಡಿಗಳು, ರ್ಯೂ ದೆ ಮಾರ್ತಿರ್ ಎಂಬ ತಿಂಡಿ ಬೀದಿ, ಗಾಜಿನ ಛಾವಣಿಯ ಹಳೆಯ ಓಣಿಗಳು, ಕೊನೆಗೆ ಊರ ನಡುವಿನ ಲೆ ಆಲ್ ಹತ್ತಿರದ ಅಡುಗೆ ಪಾತ್ರೆ ಅಂಗಡಿಗಳು. ಒಟ್ಟು ಮೂರೂವರೆ ನಾಲ್ಕು ಕಿಲೋಮೀಟರ್.

ದಿಕ್ಕು ಮುಖ್ಯ. ಬಹಳಷ್ಟು ಜನ ಊರ ನಡುವಿನಿಂದ ಹೊರಟು ಗುಡ್ಡದ ಕಡೆ ನಡೆಯುತ್ತಾರೆ. ಹಾಗೆ ಮಾಡಿದರೆ ತೂಕದ ಪಾತ್ರೆ ಮೊದಲೇ ಕೈಗೆ ಬಂದು, ಅದನ್ನು ಹೊತ್ತುಕೊಂಡೇ ಏರು ಹತ್ತಬೇಕಾಗುತ್ತದೆ. ಮೇಲಿನಿಂದ ಕೆಳಗೆ ಬಂದರೆ ಹಗುರವಾದ ಬಟ್ಟೆ ಮೊದಲು, ಭಾರವಾದ ತಾಮ್ರ ಕೊನೆಗೆ. ಮೆಟ್ರೋ 4ನೇ ಲೈನ್ ಎರಡೂ ತುದಿಯನ್ನು ಕೂಡಿಸುತ್ತದೆ: ಬೆಳಿಗ್ಗೆ ಬಾರ್ಬೆಸ್-ರೋಶ್‌ಶುಆರ್‌ನಲ್ಲಿ ಇಳಿಯಿರಿ, ಸಂಜೆ ಲೆ ಆಲ್‌ನಲ್ಲಿ ಹತ್ತಿ. 2025ರಲ್ಲಿ ಒಂದು ಸಲದ ಮೆಟ್ರೋ ಟಿಕೆಟ್ 2.50 ಯೂರೋ ಇತ್ತು. ಎರಡೇ ಪ್ರಯಾಣವಾದ್ದರಿಂದ ದಿನದ ಪಾಸ್ ಬೇಡ. ಹೊರಬರುವ ತನಕ ಟಿಕೆಟ್ ಕೈಯಲ್ಲೇ ಇರಲಿ, ತಪಾಸಣೆಯವರು ನಿಲ್ದಾಣದ ಒಳಗೇ ಕಾದು ನಿಂತಿರುತ್ತಾರೆ.

ವಾರ: ಮಂಗಳವಾರದಿಂದ ಶುಕ್ರವಾರದೊಳಗೆ ಯಾವುದಾದರೂ. ಭಾನುವಾರ ಬಟ್ಟೆ ಬೀದಿಯೂ ಪಾತ್ರೆ ಅಂಗಡಿಯೂ ಮುಚ್ಚಿರುತ್ತವೆ. ಸೋಮವಾರ ತಿಂಡಿ ಬೀದಿಯಲ್ಲಿ ಅರ್ಧ ಬಾಗಿಲು ಹಾಕಿರುತ್ತದೆ. ಶನಿವಾರ ಎಲ್ಲವೂ ತೆರೆದಿದ್ದರೂ ಬಟ್ಟೆ ಕತ್ತರಿಸುವವರ ಮುಂದೆ ನಿಂತೇ ಕಾಲು ಸೋಲುತ್ತದೆ. ಆಗಸ್ಟ್‌ನಲ್ಲಿ ಸಣ್ಣ ಅಂಗಡಿಯವರು ವಾರಗಟ್ಟಲೆ ರಜೆ ಹಾಕಿ ಊರು ಬಿಡುತ್ತಾರೆ.

ಬಾರ್ಬೆಸ್‌ನಿಂದ ಪಶ್ಚಿಮಕ್ಕೆ ಏಳೆಂಟು ನಿಮಿಷ ನಡೆದರೆ ಮಾರ್ಶೆ ಸ್ಯಾಂ ಪಿಯೇರ್. ಇದು ಒಂದು ಅಂಗಡಿಯ ಹೆಸರೂ ಹೌದು, ಸುತ್ತಲಿನ ಬಟ್ಟೆ ಬೀದಿಗಳಿಗೆಲ್ಲ ರೂಢಿಯಾದ ಹೆಸರೂ ಹೌದು. ಹತ್ತು ಗಂಟೆಗೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ದೊಡ್ಡ ಅಂಗಡಿಯಲ್ಲಿ ಅಂತಸ್ತಿಗೊಂದು ಬಗೆಯ ಬಟ್ಟೆ, ಕೆಳಗೆ ಅಗ್ಗದ ಥಾನ್‌ಗಳು. ಪದ್ಧತಿ ಹೀಗೆ: ಬೇಕಾದ ಥಾನ್ ತೋರಿಸಿದರೆ ಮರದ ಮೀಟರ್ ಕೋಲು ಹಿಡಿದ ಕೆಲಸದವರು ಅಳೆದು, ಕತ್ತರಿಸಿ, ಚೀಟಿ ಬರೆದು ಕೊಡುತ್ತಾರೆ. ಆ ಚೀಟಿಯನ್ನು ಹಣ ಕಟ್ಟುವ ಕಿಂಡಿಗೆ ಒಯ್ಯಬೇಕು. ಕತ್ತರಿ ಬಿದ್ದ ಮೇಲೆ ವಾಪಸ್ ಇಲ್ಲ.

ನಮ್ಮವರು ಎಡವುವುದು ಅಗಲದ ಲೆಕ್ಕದಲ್ಲಿ. ನಮ್ಮಲ್ಲಿ ಬ್ಲೌಸ್ ಪೀಸ್ ಸಾಮಾನ್ಯವಾಗಿ 90 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದ. ಅಲ್ಲಿನ ಉಡುಪಿನ ಬಟ್ಟೆ ಹೆಚ್ಚಾಗಿ 140 ಅಥವಾ 150 ಸೆಂ.ಮೀ. ಅಗಲ. ಥಾನಿಗೆ ಅಂಟಿಸಿದ ಚೀಟಿಯಲ್ಲಿ ‘ಲೇಜ್’ ಎಂಬ ಪದದ ಎದುರು ಅದು ಬರೆದಿರುತ್ತದೆ. 90 ಅಗಲದ ಒಂದು ಮೀಟರಿನಷ್ಟೇ ಬಟ್ಟೆ 140 ಅಗಲದಲ್ಲಿ ಬರೀ 64 ಸೆಂ.ಮೀ. ಉದ್ದಕ್ಕೆ ಸಿಕ್ಕಿಬಿಡುತ್ತದೆ. ತೋಳು, ಪಟ್ಟಿ ಹೊಂದಿಸಿ ಕತ್ತರಿಸಲು ಆಟ ಬೇಕಾದ್ದರಿಂದ ನಾನು 70 ಹೇಳುತ್ತೇನೆ, ಉದ್ದ ತೋಳಾದರೆ ಅಥವಾ ದೊಡ್ಡ ಹೂವಿನ ಪ್ರಿಂಟ್ ಆದರೆ 90. ‘ಒಂದು ಮೀಟರ್ ಕೊಡಿ’ ಎಂದು ಅಭ್ಯಾಸಬಲದಿಂದ ಹೇಳಿದರೆ ಮೂರರಲ್ಲೊಂದು ಪಾಲು ದರ್ಜಿಯ ಬುಟ್ಟಿಗೆ. 280 ಎಂದಿದ್ದರೆ ಅದು ಪರದೆಯ ಬಟ್ಟೆ, ಉಡುಪಿಗೆ ದಪ್ಪ. ಲಿನನ್‌ಗೆ ಅಲ್ಲಿ ‘ಲ್ಯಾಂ’ ಎನ್ನುತ್ತಾರೆ, ರೇಷ್ಮೆಗೆ ‘ಸುಆ’, ಉಣ್ಣೆಗೆ ‘ಲೆನ್’. ಈ ಊರಲ್ಲಿ ಲಿನನ್ ಮತ್ತು ಉಣ್ಣೆ ಕೊಳ್ಳಿ. ರೇಷ್ಮೆಗಾಗಿ ಬೆಂಗಳೂರಿನವರು ಪ್ಯಾರಿಸ್‌ಗೆ ಹೋಗುವುದರಲ್ಲಿ ಅರ್ಥ ಕಾಣುವುದಿಲ್ಲ. ಲಿನನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮೀಟರಿಗೆ ಐದಾರು ಸೆಂ.ಮೀ. ಜಾಸ್ತಿ ತಂದು, ಹೊಲಿಸುವ ಮುಂಚೆ ನೆನೆಸಿ ಒಣಗಿಸಿ.

ಅದೇ ಬೀದಿಗಳಲ್ಲಿ ‘ಕೂಪೋಂ’ ಮಾರುವ ಅಂಗಡಿಗಳಿವೆ. ಕೂಪೋಂ ಎಂದರೆ ಮೊದಲೇ ಕತ್ತರಿಸಿಟ್ಟ ತುಂಡು, ಬಹಳ ಕಡೆ ಮೂರು ಮೀಟರಿನದು. ಬೋರ್ಡಿನಲ್ಲಿರುವ ಬೆಲೆ ಇಡೀ ತುಂಡಿಗೆ, ಪಕ್ಕದ ಅಂಗಡಿಯ ಬೆಲೆ ಮೀಟರಿಗೆ. ಎರಡನ್ನೂ ಹೋಲಿಸುವಾಗ ಮೂರರಿಂದ ಭಾಗಿಸುವುದನ್ನು ಮರೆತರೆ ಲೆಕ್ಕ ತಲೆಕೆಳಗು. ಕೂಪೋಂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿರುವುದುಂಟು.

ಈ ಬೀದಿಯ ಎದುರಿಗೇ ಸಾಕ್ರೆ ಕ್ಯೂರ್ ಚರ್ಚಿಗೆ ಹತ್ತುವ ತೋಟವಿದೆ. ಅದರ ಬುಡದಲ್ಲಿ ಬಣ್ಣದ ದಾರ ಹಿಡಿದು ನಿಂತವರು ನಿಮ್ಮ ಬೆರಳಿಗೆ ಅದನ್ನು ಸುತ್ತಿ ಗಂಟು ಹಾಕಿ ದುಡ್ಡು ಕೇಳುತ್ತಾರೆ. ಕೈ ಜೇಬಿನಲ್ಲಿಟ್ಟು, ಮಾತಾಡದೆ ದಾಟಿ. ಚೀಲ ಮುಂದಕ್ಕಿರಲಿ. ಆನ್ವೇರ್ ನಿಲ್ದಾಣ ಮತ್ತು 2ನೇ ಲೈನ್ ಜೇಬುಗಳ್ಳರಿಗೆ ಹೆಸರುವಾಸಿ.

ಅಲ್ಲಿಂದ ರೋಶ್‌ಶುಆರ್ ಬುಲ್ವಾರ್ ಎಂಬ ಅಗಲ ರಸ್ತೆಗೆ ಇಳಿದು ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಎಡಕ್ಕೆ ರ್ಯೂ ದೆ ಮಾರ್ತಿರ್. ಇಳಿಜಾರಿನುದ್ದಕ್ಕೂ ಬೇಕರಿ, ಚೀಸ್, ಜಾಮ್, ಚಹಾ, ಹಣ್ಣಿನ ಅಂಗಡಿಗಳು, ನೋತ್ರ್ ದಾಮ್ ದ ಲೊರೆತ್ ಚರ್ಚಿನ ತನಕ. ಹನ್ನೆರಡೂವರೆಯೊಳಗೆ ಮುಗಿಸಿಕೊಳ್ಳಿ, ಕೆಲವು ಅಂಗಡಿಗಳು ಮಧ್ಯಾಹ್ನದ ಊಟಕ್ಕೆ ಮುಚ್ಚುತ್ತವೆ. ಒಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಹೇಳಲೇಬೇಕು. ಹೇಳದೆ ನೇರ ‘ಇದಕ್ಕೆಷ್ಟು’ ಎಂದು ಕೇಳಿದರೆ ಅವರ ಲೆಕ್ಕದಲ್ಲಿ ನೀವು ಒರಟರು, ಉತ್ತರವೂ ಹಾಗೇ ಬರುತ್ತದೆ. ಸುಮ್ಮನೆ ನೋಡುವುದಾದರೆ ‘ಜ ರಗಾರ್ದ್’ ಎಂದರೆ ಸಾಕು, ಬೆನ್ನು ಬೀಳುವುದಿಲ್ಲ. ಹಣ್ಣು ತರಕಾರಿಗೆ ನೀವಾಗಿ ಕೈ ಹಾಕಬೇಡಿ, ಆರಿಸಿ ಕೊಡುವುದು ಅಂಗಡಿಯವರ ಕೆಲಸ.

ಸಸ್ಯಾಹಾರಿಗಳಿಗೆ ಒಂದು ಮಾತು. ಕೊಂತೆ, ರೋಕ್‌ಫೋರ್, ಬ್ರೀ ದ ಮೋ ಮುಂತಾದ ಹೆಸರಾಂತ ಫ್ರೆಂಚ್ ಚೀಸ್‌ಗಳಲ್ಲಿ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ‘ಪ್ರೆಜ್ಯೂರ್’ನಿಂದ. ‘ಪ್ರೆಜ್ಯೂರ್ ವೆಜೆತಾಲ್’ (ಸಸ್ಯದ್ದು) ಅಥವಾ ‘ಮಿಕ್ರೋಬಿಯೆನ್’ (ಸೂಕ್ಷ್ಮಾಣುವಿನದು) ಎಂದು ಚೀಟಿಯಲ್ಲಿ ಇದ್ದರೆ ಮಾತ್ರ ನಿಮಗೆ ಸಲ್ಲುತ್ತದೆ. ಊರಿಗೆ ತರುವುದಕ್ಕೆ ಗಟ್ಟಿ ಚೀಸ್ ಆರಿಸಿ ‘ಸೂ ವೀದ್’ ಎಂದು ಕೇಳಿ, ಗಾಳಿ ತೆಗೆದು ಪ್ಯಾಕ್ ಮಾಡಿ ಕೊಡುತ್ತಾರೆ. ಜಾಮ್, ಸಾಸಿವೆ ಪೇಸ್ಟ್, ಮೆತ್ತನೆ ಚೀಸ್ ಇವೆಲ್ಲ ವಿಮಾನದ ತಪಾಸಣೆಯಲ್ಲಿ ದ್ರವದ ಲೆಕ್ಕ. ಕೈಚೀಲದಲ್ಲಿಟ್ಟರೆ ಬುಟ್ಟಿಗೆ ಹೋಗುತ್ತವೆ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ.

ಊಟ ಮುಗಿಸಿ ಚರ್ಚಿನಿಂದ ರ್ಯೂ ದ್ಯು ಫೋಬೂರ್ ಮೊಂಮಾರ್ತ್ ಹಿಡಿದು ಇಳಿದರೆ ಐದಾರು ನಿಮಿಷಕ್ಕೆ ಬಲಗಡೆ ಪಾಸಾಜ್ ವೆರ್ದೋ ಬಾಗಿಲು. ಪಾಸಾಜ್ ಎಂದರೆ ಎರಡು ಬೀದಿಗಳ ನಡುವೆ ಕಟ್ಟಡಗಳನ್ನು ತೂರಿಕೊಂಡು ಹೋಗುವ, ಗಾಜು ಹೊದಿಸಿದ ಓಣಿ. 19ನೇ ಶತಮಾನದ ಆರಂಭದಲ್ಲಿ ಬೀದಿಯಲ್ಲಿ ಕೆಸರು, ಕುದುರೆ ಗಾಡಿ, ಕಾಲುದಾರಿ ಎಂಬುದೇ ಇಲ್ಲ. ಹಾಗಾಗಿ ನೆನೆಯದೆ ಕೊಳ್ಳಲು ಇವನ್ನು ಕಟ್ಟಿದರು. ಇಂದಿಗೂ ಮಳೆ ಬಂದರೆ ನನ್ನ ಮೊದಲ ಆಯ್ಕೆ ಇವೇ. ವೆರ್ದೋದಲ್ಲಿ ಹಳೆಯ ಪುಸ್ತಕ, ಮುದ್ರಿತ ಚಿತ್ರಗಳು. ಅಡ್ಡ ಬರುವ ಸಣ್ಣ ಬೀದಿ ದಾಟಿದರೆ ಎದುರಿಗೇ ಝುಫ್ರುವಾ, ಗೊಂಬೆಮನೆಯ ಬೆರಳುದ್ದದ ಸಾಮಾನಿಗೆ ಮಕ್ಕಳು ಅಂಟಿಕೊಳ್ಳುವ ಜಾಗ. ಅದರ ಕೊನೆಯಲ್ಲಿ ಮೊಂಮಾರ್ತ್ ಬುಲ್ವಾರ್, ಅದನ್ನೂ ದಾಟಿದರೆ 1800ರ ಪಾಸಾಜ್ ದೆ ಪನೋರಮಾ. ಮೂರೂ ಒಂದೇ ಸಾಲಿನಲ್ಲಿರುವುದರಿಂದ ನಕ್ಷೆ ಮುಚ್ಚಿಡಬಹುದು.

ಪನೋರಮಾದಲ್ಲಿ ನೋಡಬೇಕಾದ್ದು ಅಂಚೆಚೀಟಿ ಮತ್ತು ಹಳೆಯ ಪೋಸ್ಟ್‌ಕಾರ್ಡಿನ ಅಂಗಡಿಗಳು. ಕಾರ್ಡುಗಳನ್ನು ಉದ್ದನೆಯ ಡಬ್ಬಿಗಳಲ್ಲಿ ಜಿಲ್ಲೆವಾರು, ದೇಶವಾರು ಜೋಡಿಸಿರುತ್ತಾರೆ, ಫ್ರಾನ್ಸಿನ ಜಿಲ್ಲೆಗಳಿಗೆ ಸಂಖ್ಯೆಯಿದೆ, ಪ್ಯಾರಿಸ್ 75. ನಮ್ಮವರು ‘ಆಂದ್ ಫ್ರಾನ್ಸೇಜ್’, ಅಂದರೆ ಫ್ರೆಂಚ್ ಇಂಡಿಯಾ, ಎಂದು ಕೇಳಬೇಕು. ಪುದುಚೇರಿ, ಮಾಹೆ, ಕಾರೈಕಲ್ ಫ್ರೆಂಚರ ಕೈಯಲ್ಲಿದ್ದ ಕಾಲದ ಅಂಚೆಚೀಟಿಗಳು ಬರುತ್ತವೆ. ಚೀಟಿಯನ್ನು ಬೆರಳಿನಿಂದ ಎತ್ತಬೇಡಿ, ಚಿಮಟ ಅವರೇ ಕೊಡುತ್ತಾರೆ. ಬೆಲೆ ನಿರ್ಧಾರವಾಗುವುದು ಅಂಚಿನ ಹಲ್ಲುಗಳು ಮುರಿದಿಲ್ಲವೇ, ಹಿಂಬದಿಯ ಅಂಟು ಹಾಗೇ ಇದೆಯೇ ಎಂಬುದರ ಮೇಲೆ, ಆದ್ದರಿಂದ ಮಗುಚಿ ನೋಡದೆ ಕೊಳ್ಳಬೇಡಿ.

ರ್ಯೂ ವಿವಿಯೆನ್ ಹಿಡಿದು ಹಳೆಯ ಷೇರುಪೇಟೆ ಕಟ್ಟಡ ದಾಟಿದರೆ 1823ರಲ್ಲಿ ಕಟ್ಟಿದ ಗ್ಯಾಲರಿ ವಿವಿಯೆನ್. ನೆಲದ ಮೊಸಾಯಿಕ್ ನೋಡಲು ಹತ್ತು ನಿಮಿಷ ಕೊಡಿ, ಕೊಳ್ಳುವುದಕ್ಕೆ ದುಬಾರಿ. ಪ್ಲಾಸ್ ದೆ ವಿಕ್ತುವಾರ್ ಮೂಲಕ ರ್ಯೂ ಕೋಕಿಯೇರ್‌ಗೆ ಬನ್ನಿ. ಲೆ ಆಲ್‌ನಲ್ಲಿ ಪ್ಯಾರಿಸ್‌ನ ಸಗಟು ಆಹಾರ ಮಾರುಕಟ್ಟೆ ಇತ್ತು. 1969ರಲ್ಲಿ ಅದು ಊರ ಹೊರಗಿನ ರುಂಜಿಸ್‌ಗೆ ಹೋಯಿತು, ಹೋಟೆಲಿನವರಿಗೆ ಪಾತ್ರೆ ಮಾರುತ್ತಿದ್ದ ಅಂಗಡಿಗಳು ಇಲ್ಲೇ ಉಳಿದವು. 1820ರಿಂದ ಇರುವ ಡೆಹಿಲೆರಿನ್ ಅವುಗಳಲ್ಲಿ ಹೆಸರಾದದ್ದು. ನಾಲ್ಕೂವರೆಗೆ ಒಳಗಿದ್ದರೆ ಆರಾಮ.

ಇಲ್ಲಿ ಎರಡು ವಿಷಯ ಹೊಸಬರನ್ನು ತಬ್ಬಿಬ್ಬು ಮಾಡುತ್ತವೆ. ಎಷ್ಟೋ ಸಾಮಾನಿನ ಮೇಲೆ ಬೆಲೆ ಬದಲು ಒಂದು ಸಂಕೇತ ಮಾತ್ರ ಇರುತ್ತದೆ, ಅದನ್ನು ಬೆಲೆಪಟ್ಟಿಯಲ್ಲಿ ಹುಡುಕಬೇಕು ಅಥವಾ ಕೆಲಸದವರನ್ನು ಕೇಳಬೇಕು. ಇನ್ನೊಂದು, ಹೋಟೆಲಿನವರಿಗೆ ಮಾರುವ ಕಡೆ ಬೆಲೆಯನ್ನು ‘ಎಚ್.ಟಿ.’ ಎಂದು, ಅಂದರೆ ತೆರಿಗೆ ಬಿಟ್ಟು ಬರೆಯುವ ವಾಡಿಕೆ. ಅದಕ್ಕೆ 20% ಸೇರಿದ್ದು ‘ಟಿ.ಟಿ.ಸಿ.’. 100 ಎಂದು ಎಣಿಸಿಕೊಂಡು ಹೋದವರು 120 ಕಟ್ಟುತ್ತಾರೆ.

ತಾಮ್ರದ ಪಾತ್ರೆ ಆರಿಸುವಾಗ ಮೊದಲು ಅಂಚಿನ ದಪ್ಪ ನೋಡಿ. 1.5 ಮಿ.ಮೀ. ಬಡಿಸುವುದಕ್ಕೆ ಚೆಂದ, ದಿನದ ಅಡುಗೆಗೆ 2ರಿಂದ 2.5 ಮಿ.ಮೀ. ಬೇಕು. ತೆಳುವಾದರೆ ಉರಿ ತಾಗಿದ ಕಡೆ ಮಾತ್ರ ಕಾದು ತಳ ಹಿಡಿಯುತ್ತದೆ. 20 ಸೆಂ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಹಿಡಿಕೆ ಪಾತ್ರೆ ಮೂರು ಕಿಲೋ ಹತ್ತಿರ ತೂಗುತ್ತದೆ, ಪೆಟ್ಟಿಗೆಯ ಲೆಕ್ಕ ಮೊದಲೇ ಹಾಕಿಕೊಳ್ಳಿ. ಆಮೇಲೆ ಒಳಮೈ. ‘ಎತಾಮೆ’ ಎಂದರೆ ನಮ್ಮ ಕಲಾಯಿಯೇ, ಅದೇ ತವರ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಹನಿಹನಿಯಾಗಿ ತಳಕ್ಕೆ ಇಳಿಯುತ್ತದೆ, ಒಗ್ಗರಣೆಗೆ ಬಳಸಲೇಬಾರದು. ‘ಇನಾಕ್ಸ್’ ಎಂದರೆ ಸ್ಟೇನ್‌ಲೆಸ್ ಸ್ಟೀಲ್ ಒಳಮೈ, ನಮ್ಮ ಅಡುಗೆಗೆ ಇದೇ ಸರಿ. ಕಲಾಯಿ ಹಾಕುವವರು ನಿಮ್ಮೂರಲ್ಲಿ ಇನ್ನೂ ಇದ್ದರೆ ಮಾತ್ರ ಮೊದಲನೆಯದಕ್ಕೆ ಕೈ ಹಾಕಿ. ಬರಿ ತಾಮ್ರ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಚಾಕು ಕೊಂಡರೆ ಚೆಕ್-ಇನ್ ಪೆಟ್ಟಿಗೆಗೆ.

ತೆರಿಗೆ ವಾಪಸಿಗೆ ‘ದೆತಾಕ್ಸ್’ ಎನ್ನುತ್ತಾರೆ. ಒಂದೇ ಅಂಗಡಿಯಲ್ಲಿ, ಮೂರು ದಿನದೊಳಗೆ, ತೆರಿಗೆ ಸೇರಿ 100 ಯೂರೋ ದಾಟಿರಬೇಕು. ಬೇರೆಬೇರೆ ಅಂಗಡಿಯ ಅರವತ್ತು ಅರವತ್ತು ಕೂಡಿಸಲಾಗದು. ಎಲ್ಲ ಅಂಗಡಿಯವರೂ ಈ ಸೌಲಭ್ಯ ಕೊಡಬೇಕೆಂದಿಲ್ಲ, ಹಣ ಕಟ್ಟುವ ಮುಂಚೆ ಕೇಳಿ, ಮೂಲ ಪಾಸ್‌ಪೋರ್ಟ್ ತೋರಿಸಿ. 20% ತೆರಿಗೆಯೆಂದರೆ ಕಟ್ಟಿದ ಮೊತ್ತದ ಆರನೇ ಒಂದು ಪಾಲು: 240 ಯೂರೋದಲ್ಲಿ 40. ತೆರಿಗೆ ವಾಪಸ್ ಮಾಡಿಸಿಕೊಡುವ ನಡುವಿನ ಕಂಪನಿ ತನ್ನ ಪಾಲು ಹಿಡಿದು ಸುಮಾರು 12% ಕೊಡುತ್ತದೆ, ಅಂದರೆ 28–29 ಯೂರೋ ಕೈಗೆ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮುಂಚೆಯೇ ‘ಪಾಬ್ಲೋ’ ಎಂಬ ತೆರಿಗೆ ವಾಪಸಿನ ಯಂತ್ರಕ್ಕೆ ಅಂಗಡಿಯವರು ಕೊಟ್ಟ ಕಾಗದದ ಬಾರ್‌ಕೋಡ್ ತೋರಿಸಬೇಕು. ಒಪ್ಪಿಗೆ ಬರದಿದ್ದರೆ ಪಕ್ಕದ ಕಸ್ಟಮ್ಸ್ ಕಿಂಡಿಯವರು ಸಾಮಾನು ತೋರಿಸಿ ಎನ್ನುತ್ತಾರೆ, ಪಾತ್ರೆ ಆಗಲೇ ವಿಮಾನಕ್ಕೆ ಹೋಗಿದ್ದರೆ ಕತೆ ಮುಗಿಯಿತು. ಇದಕ್ಕೆಂದೇ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಪ್ಯಾರಿಸ್‌ನಿಂದ ರೈಲಿನಲ್ಲಿ ಲಂಡನ್‌ಗೆ ಹೋಗುವವರಿಗೆ ಈ ಕೆಲಸ ಗಾರ್ ದ್ಯು ನೋರ್ ನಿಲ್ದಾಣದಲ್ಲೇ, ರೈಲು ಹತ್ತುವ ಮುಂಚೆ.

ಕಾರ್ಡ್ ಯಂತ್ರ ‘ಯೂರೋದಲ್ಲೋ ರೂಪಾಯಿಯಲ್ಲೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ವಿನಿಮಯ ದರ, ಅದರಲ್ಲಿ ಕಮಿಷನ್ ಅಡಗಿರುತ್ತದೆ. ಯುಪಿಐ 2024ರ ಜುಲೈನಲ್ಲಿ ಗ್ಯಾಲರೀಸ್ ಲಫಾಯೆತ್‌ನ ಓಸ್‌ಮನ್ ಬುಲ್ವಾರ್ ಅಂಗಡಿಗೆ ಬಂದಿದೆ, ಆದರೆ ಈ ಹಾದಿಯ ಸಣ್ಣ ಅಂಗಡಿಗಳಲ್ಲಿ ಅದನ್ನು ನಂಬಿಕೊಳ್ಳಬೇಡಿ. ಕೆಲವರು ಹತ್ತು ಯೂರೋಗಿಂತ ಕಡಿಮೆಗೆ ಕಾರ್ಡ್ ಮುಟ್ಟುವುದೂ ಇಲ್ಲ. ಐವತ್ತು ಯೂರೋ ಚಿಲ್ಲರೆ ಇರಲಿ.

ಚಪ್ಪಲಿ, ಬೂಟು ಕೊಳ್ಳುವವರು ‘ಸೋಲ್ದ್’ ಕಾಲಕ್ಕೆ ಹೋಗಿ: ಸರ್ಕಾರವೇ ಗೊತ್ತು ಮಾಡುವ ರಿಯಾಯಿತಿ ಮಾರಾಟ, ಜನವರಿಯ ಎರಡನೇ ಬುಧವಾರ ಮತ್ತು ಜೂನ್‌ನ ಕೊನೆಯ ಬುಧವಾರದ ಆಸುಪಾಸು ಶುರು, ನಾಲ್ಕು ವಾರ. ಅಳತೆ ಹೀಗೆ ಲೆಕ್ಕ ಹಾಕಿ: ಪಾದದ ಉದ್ದಕ್ಕೆ ಒಂದೂವರೆ ಸೆಂ.ಮೀ. ಸೇರಿಸಿ, ಒಂದೂವರೆಯಿಂದ ಗುಣಿಸಿ. 25.5 ಸೆಂ.ಮೀ. ಪಾದಕ್ಕೆ 27 ಗುಣಿಸು 1.5, ಅಂದರೆ 40.5. ಯೂರೋಪಿನ ಒಂದು ಸೈಜ್ ಎಂದರೆ ಸೆಂಟಿಮೀಟರಿನ ಮೂರನೇ ಎರಡು ಪಾಲು, ಆ ಅಳತೆಗೆ ಹೆಸರೇ ಪ್ಯಾರಿಸ್ ಪಾಯಿಂಟ್. ಇದು ಅಂದಾಜು, ಹಾಕಿ ನೋಡಲೇಬೇಕು, ಅದೂ ಪಾದ ಊದಿಕೊಂಡಿರುವ ಸಂಜೆ ಹೊತ್ತು. ಅಂಗಡಿಗೆ ಹೋಗಿ ಕೊಂಡ ಮಾಲಿನಲ್ಲಿ ದೋಷವಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಬೇಕೆಂಬ ಕಾನೂನು ಫ್ರಾನ್ಸಿನಲ್ಲಿಲ್ಲ, ಬಿಲ್ಲಿನ ಹಿಂದೆ ಬರೆದದ್ದೇ ಅಂತಿಮ.