ಮನೋರಂಜಿನಿ ಗಿಡದ ಕೊಕ್ಕೆ ಕತ್ತರಿಸಬೇಡಿ

ಚಿತ್ರದುರ್ಗದ ಕಡೆ ಮನೋರಂಜಿನಿ ಹಾಕಿರುವವರು ಇದೊಂದು ನೋಡಿಕೊಳ್ಳಿ. ಕೊಂಬೆಯಲ್ಲಿ ಬಾಗಿದ ಕೊಕ್ಕೆ ಇರುತ್ತದಲ್ವಾ, ಅದನ್ನು ಮುಳ್ಳು ಅಂತ ಕತ್ತರಿಸಬೇಡಿ, ಹೂವು ಬಿಡುವುದೇ ಆ ಕೊಕ್ಕೆಯಲ್ಲಿ, ಗಿಡ ಆಸರೆ ಹಿಡಿದು ಹತ್ತುವುದೂ ಅದರಿಂದಲೇ.

ಸೀತಾಫಲದ ಕುಟುಂಬದ್ದೇ, ಆದರೆ ಸೀತಾಫಲದ ಹಾಗೆ ಕಲ್ಲುನೆಲದಲ್ಲಿ ನೀರಿಲ್ಲದೆ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸಿ, ಮಣ್ಣು ಪೂರ್ತಿ ಒಣಗುವ ಮೊದಲೇ ನೀರು ಕೊಡಿ, ಆದರೆ ನೀರು ನಿಲ್ಲಬಾರದು. ಎರೆಮಣ್ಣಾದರೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿಯೇ ನೆಡಿ. ಬೀಜ ಮೊಳೆಯುವುದು ನಿಧಾನ, ಮಳೆಗಾಲದಲ್ಲಿ ಗೂಟಿ ಕಟ್ಟುವುದೇ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಹೊಸ ಗಿಡ ಮಾಡುವುದು) ಒಳ್ಳೆಯದು. ಪೊದೆಯಾಗಿ ಬೇಕಿದ್ದರೆ ಉದ್ದ ಬೆಳೆದ ತುದಿಗಳನ್ನಷ್ಟೇ ಸವರಿ.

ಹೂವು ಹಸಿರಿದ್ದಾಗ ಸುಮ್ನೆ ಕೀಳಬೇಡಿ, ಹಳದಿಗೆ ತಿರುಗಿದ ಮೇಲೇ ಆ ಹಣ್ಣಿನಂಥ ಪರಿಮಳ ಜಾಸ್ತಿ.